ಜನರಲ್ ತಿಮ್ಮಯ್ಯನವರ ಕೊನೆಯ ಕೆಲಸ

ಸಮಾಜ ವಿಜ್ಞಾನದ ಪಾಠಪುಸ್ತಕಗಳಲ್ಲಿ ಯುದ್ಧಗಳಿಗೆ ನಿಶ್ಚಿತವಾದ ಒಂದು ಚೌಕಟ್ಟಿದೆ: ಕಾರಣಗಳು, ಘಟನೆಗಳು, ಪರಿಣಾಮಗಳು. ನನ್ನ ತರಗತಿಯಲ್ಲಿ ಕುಳಿತವರಿಗೆ ಈ ಮೂರು ಉಪಶೀರ್ಷಿಕೆಗಳು ಇಂದಿಗೂ ಬಾಯಿಪಾಠವಾಗಿರಬಹುದು. ಗುಂಡಿನ ಸದ್ದು ನಿಂತ ಮರುದಿನ ಆ ಊರಿನವರು ಹೇಗೆ ಬದುಕಿದರು, ಮುಚ್ಚಿದ ಅಂಗಡಿಯ ಬಾಗಿಲನ್ನು ಮೊದಲು ತೆರೆದವರು ಯಾರು ಎಂಬುದಕ್ಕೆ ಅಲ್ಲಿ ಉಪಶೀರ್ಷಿಕೆಯಿಲ್ಲ. ಪರೀಕ್ಷೆಯಲ್ಲಿ ಅಂಕವೂ ಇಲ್ಲ. ಈ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸಾಹಸವನ್ನು ಅನೇಕರು ಬಲ್ಲರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದುದೂ ತಿಳಿದದ್ದೇ. ಆದರೆ ನಿವೃತ್ತರಾದ ಮೇಲೆ, 1964ರ ಜುಲೈನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ತೆರಳಿದ ಕಥೆಯನ್ನು ಬಲ್ಲವರು ವಿರಳ.

ಸೈಪ್ರಸ್ ಸ್ವತಂತ್ರವಾದದ್ದು 1960ರಲ್ಲಿ. ಮೂರೇ ವರ್ಷಗಳಲ್ಲಿ, 1963ರ ಡಿಸೆಂಬರ್‌ನಲ್ಲಿ, ಗ್ರೀಕ್ ಮಾತಾಡುವವರಿಗೂ ತುರ್ಕಿ ಮಾತಾಡುವವರಿಗೂ ನಡುವೆ ರಕ್ತಪಾತವಾಯಿತು. ರಾಜಧಾನಿ ನಿಕೋಸಿಯಾದ ಬೀದಿಗಳಿಗೆ ಅಡ್ಡಗಟ್ಟೆಗಳು ಬಂದವು. ಸಾವಿರಾರು ತುರ್ಕಿ ಕುಟುಂಬಗಳು ಊರು ತೊರೆದು ತಮ್ಮವರ ನಡುವೆ ಗುಂಪುಗೂಡಿದವು. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಅಂಗೀಕರಿಸಿದ ನಿರ್ಣಯವು ಆ ಪಡೆಗೆ ಕಾದಾಟ ಮರುಕಳಿಸದಂತೆ ತಡೆಯುವ ಹೊಣೆಯ ಜೊತೆಗೆ ಜನಜೀವನ ಸಹಜ ಸ್ಥಿತಿಗೆ ಮರಳಲು ನೆರವಾಗುವ ಹೊಣೆಯನ್ನೂ ಹೊರಿಸಿತು. ಆತ್ಮರಕ್ಷಣೆಗಲ್ಲದೆ ಬಂದೂಕು ಬಳಸುವಂತಿರಲಿಲ್ಲ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರಿಗೆ ಮಡಿಕೇರಿಯ ಈ ಯೋಧ ನಾಯಕರಾದರು.

ಆ ಸೈನಿಕರು ಮಾಡಿದ ಕೆಲಸವನ್ನು ಗಮನಿಸಿ. ಸುಗ್ಗಿಯ ಕಾಲದಲ್ಲಿ, ಎದುರು ಪಕ್ಷದ ಬಂದೂಕಿಗೆ ಹೆದರಿ ಹೊಲಕ್ಕಿಳಿಯದ ರೈತರ ಬೆನ್ನಿಗೆ ನಿಂತರು, ಬೆಳೆ ಕೊಯ್ಲಾಯಿತು. ನಿಕೋಸಿಯಾದಿಂದ ಉತ್ತರದ ಕಿರೇನಿಯಾ ಬಂದರಿಗೆ ಹೋಗುವ ರಸ್ತೆ ತುರ್ಕಿ ಹೋರಾಟಗಾರರ ಹಿಡಿತದಲ್ಲಿತ್ತು. 1964ರ ಅಕ್ಟೋಬರ್‌ನಲ್ಲಿ ಶಾಂತಿಪಡೆಯೇ ಅದರ ಉಸ್ತುವಾರಿ ವಹಿಸಿಕೊಂಡು, ಗ್ರೀಕರ ವಾಹನಗಳನ್ನು ಸಾಲಾಗಿ ಬೆಂಗಾವಲಿನಲ್ಲಿ ಕರೆದೊಯ್ಯತೊಡಗಿತು. ಇದಾವುದಕ್ಕೂ ಪದಕವಿಲ್ಲ. ಆದರೆ ಗೋಧಿ ಮನೆಗೆ ಬಾರದ ಊರಿಗೆ ಶಾಂತಿಯೆಂಬ ಮಾತಿನಿಂದ ಏನು ಪ್ರಯೋಜನ?

ಈ ಮಾತಿನ ಅರ್ಥ ನನಗೆ ಹೊಳೆದದ್ದು ಪುಸ್ತಕದಿಂದಲ್ಲ. 1991ರ ಡಿಸೆಂಬರ್‌ನ ಕಾವೇರಿ ಗಲಭೆಯ ದಿನಗಳಲ್ಲಿ ನಮ್ಮ ದೇವರಾಜ ಮೊಹಲ್ಲಾದ ಬೀದಿಗೆ ನಿತ್ಯವೂ ಹೂ ತರುತ್ತಿದ್ದ ಅಜ್ಜಿಯೊಬ್ಬಳು ಕಾಣದಾದಳು. ಆಕೆಯ ಮನೆಮಾತು ತಮಿಳು. ಬೀದಿಯ ತುದಿಯಲ್ಲಿ ಪೊಲೀಸರು ಕುಳಿತಿದ್ದರು, ಗಲಾಟೆಯಿರಲಿಲ್ಲ. ಆದರೂ ಆಕೆ ಬರಲಿಲ್ಲ. ಕೊನೆಗೆ ನಮ್ಮ ತಾಯಿಯವರೂ ಪಕ್ಕದ ಮನೆಯವರೂ ಆಕೆಯ ಮನೆಗೇ ಹೋಗಿ, "ನಾಳೆಯಿಂದ ನಮಗೆ ಎರಡೆರಡು ಮೊಳ ಬೇಕು" ಎಂದು ಹೇಳಿ ಬಂದರು. ಮರುದಿನ ಬುಟ್ಟಿ ಬಂತು. ಪೊಲೀಸರಿಲ್ಲದಿದ್ದರೆ ನಮ್ಮ ಹೆಂಗಸರಿಗೆ ಹೊರಡುವ ಧೈರ್ಯ ಬರುತ್ತಿರಲಿಲ್ಲ. ಇವರು ಹೋಗದಿದ್ದರೆ ಪೊಲೀಸರಿದ್ದೂ ಆಕೆ ಬರುತ್ತಿರಲಿಲ್ಲ. ಕಾವಲುಗಾರನ ಕೆಲಸ ದಾರಿ ತೆರೆದಿಡುವುದು. ಆ ದಾರಿಯಲ್ಲಿ ನಡೆಯಬೇಕಾದವರು ನೆರೆಹೊರೆಯವರು.

ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ದೇಶ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು. ಆದರೆ ದಾರಿ ತೆರೆದಿದ್ದರೂ ಎರಡು ಕಡೆಯ ಮುಖಂಡರು ಸಾಕಷ್ಟು ದೂರ ನಡೆಯಲಿಲ್ಲ. 1974ರಲ್ಲಿ ಕ್ಷಿಪ್ರಕ್ರಾಂತಿ, ಅದರ ಬೆನ್ನಿಗೇ ತುರ್ಕಿ ಸೇನೆಯ ಆಕ್ರಮಣ; ದ್ವೀಪ ಎರಡಾಯಿತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು, "ಹಾಗಾದರೆ ಅವರ ಕೆಲಸ ವ್ಯರ್ಥವಾಯಿತಲ್ಲವೇ ಸಾರ್?" ಎಂದು ಕೇಳಿದ್ದ. ಗಂಟೆ ಹೊಡೆದುದರಿಂದ ಉತ್ತರ ಅರ್ಧಕ್ಕೇ ನಿಂತಿತ್ತು. ಅವನು ಇದನ್ನು ಓದುತ್ತಿದ್ದರೆ, ಉಳಿದರ್ಧ ಇಲ್ಲಿದೆ.

ವ್ಯರ್ಥವಲ್ಲಪ್ಪ. ಆ ವರ್ಷಗಳಲ್ಲಿ ಕೊಯ್ದ ಬೆಳೆಯನ್ನು ಮಕ್ಕಳು ಉಂಡರು. ಉಂಡದ್ದನ್ನು ಯಾವ ಯುದ್ಧವೂ ಹಿಂದಕ್ಕೆ ಪಡೆಯಲಾರದು. ದ್ವೀಪವನ್ನು ಇಬ್ಭಾಗಿಸಿ ಸುಮಾರು 180 ಕಿಲೋಮೀಟರ್ ಉದ್ದಕ್ಕೆ ಹಾದುಹೋಗುವ ತಟಸ್ಥ ವಲಯವನ್ನು ವಿಶ್ವಸಂಸ್ಥೆಯ ಸೈನಿಕರು ಇಂದಿಗೂ ಕಾಯುತ್ತಿದ್ದಾರೆ. ಅದರೊಳಗಿನ ಹೊಲಗಳನ್ನು ರೈತರು ಅವರ ಅನುಮತಿ ಪಡೆದು ಇಂದಿಗೂ ಉಳುತ್ತಿದ್ದಾರೆ.

ಮಡಿಕೇರಿಯಲ್ಲಿ ತಿಮ್ಮಯ್ಯನವರು ಬಾಳಿದ ಸನ್ನಿ ಸೈಡ್ ಮನೆ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ರಜೆಗೆ ಕೊಡಗಿಗೆ ಹೋಗುವವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಜೋಜಿಲಾದ ಟ್ಯಾಂಕುಗಳ ಕಥೆಯ ಜೊತೆಗೆ, ಹೊಲದ ಬದುವಿನಲ್ಲಿ ಕಾವಲು ನಿಂತ ಸೈನಿಕರ ಕಥೆಯನ್ನೂ ತಪ್ಪದೆ ಹೇಳಿರಿ.