ಉತ್ತರ ಯಾವ ಭಾಷೆಯಲ್ಲಿ?

ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಆ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಾರ್ಷಿಕೋತ್ಸವಕ್ಕೂ ಅಷ್ಟು ಜನ ಸೇರಿದ್ದಿಲ್ಲ. ಮುಖ್ಯೋಪಾಧ್ಯಾಯರ ಬೀಳ್ಕೊಡುಗೆಯ ದಿನ ಅಂಗಳ ತುಂಬಿತ್ತು. ಶಾಲು, ಹಾರ, ಫಲತಾಂಬೂಲಗಳೆಲ್ಲ ಕ್ರಮದಂತೆ ನಡೆದವು. ಸನ್ಮಾನಪತ್ರದಲ್ಲಿ ‘ಸರಳ ಸಜ್ಜನಿಕೆಯ ಮೂರ್ತಿ’ ಎಂದಿತ್ತು. ಯಾರ ಹೆಸರಿನ ಮುಂದಿಟ್ಟರೂ ಹೊಂದುವ ಮಾತು. ಅವರು ಅಷ್ಟು ವರ್ಷ ಮಾಡಿದ ಕೆಲಸದ ಪ್ರಸ್ತಾಪ ಮಾತ್ರ ಅದರಲ್ಲಿ ಇರಲಿಲ್ಲ. ಅವರು ಮಕ್ಕಳಿಗೆ ಸರಕಾರವೆಂದರೇನೆಂದು ಕಲಿಸುತ್ತಿದ್ದರು.

ಗಡಿನಾಡಿನ ಮಗುವಿಗೆ ಇದು ಸುಲಭದ ಪಾಠವಲ್ಲ. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಪಾಲಾದಂದಿನಿಂದ ಇಲ್ಲಿ ಶಾಲೆಯ ಮಾತೊಂದು, ಕಚೇರಿಯ ಮಾತೊಂದು. (ಮನೆಯಲ್ಲಿ ತುಳುವೋ ಕೊಂಕಣಿಯೋ ಇರುವುದು ಬೇರೆ ಲೆಕ್ಕ.) ಸರಕಾರವೆಂದರೆ ‘ಅವರದು’ ಎಂಬ ಭಾವನೆ ಮಕ್ಕಳಲ್ಲಿ ಬೇಗನೆ ಬೇರೂರುತ್ತದೆ. ಊರ ಹಿರಿಯರು ಭಾಷಣಕ್ಕೆ ನಿಂತರೆ 1967ರ ಮಹಾಜನ ವರದಿಯಿಂದಲೇ ಆರಂಭಿಸುವುದು ವಾಡಿಕೆ. ಮುಖ್ಯೋಪಾಧ್ಯಾಯರು ತರಗತಿಯಲ್ಲಿ ಬೇರೆ ದಾರಿ ಹಿಡಿದರು: “ಅದನ್ನು ತೀರ್ಮಾನಿಸಬೇಕಾದದ್ದು ಪಾರ್ಲಿಮೆಂಟು. ಶಾಲೆಯೆದುರಿನ ಚರಂಡಿ ನಿಮ್ಮ ಪಾಲಿನದು.”

ಶಾಲಾ ಪಾರ್ಲಿಮೆಂಟಿನ ಚುನಾವಣೆಯನ್ನು ಅವರು ಆಟವಾಗಲು ಬಿಡುತ್ತಿರಲಿಲ್ಲ. ನಾಮಪತ್ರ, ಹಿಂತೆಗೆತದ ಅವಧಿ, ಗುಪ್ತ ಮತದಾನ ಎಲ್ಲವೂ ಇದ್ದವು. ಒಂದೇ ಮತದಿಂದ ಸೋತ ಹುಡುಗ ಮರುಎಣಿಕೆ ಕೇಳಿದಾಗ ಮಧ್ಯಾಹ್ನದ ಊಟವನ್ನು ತಡಮಾಡಿ ಎಣಿಸಿಕೊಟ್ಟರು. ಹುಡುಗ ಮತ್ತೊಮ್ಮೆ ಸೋತ.

ಆದರೆ ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುವುದು ಚರಂಡಿಯ ಅರ್ಜಿಯನ್ನು. ಮಳೆಗಾಲದಲ್ಲಿ ರಸ್ತೆಯ ನೀರು ಶಾಲೆಯ ಅಂಗಳಕ್ಕೆ ನುಗ್ಗುತ್ತಿತ್ತು. ಏಳನೆಯ ತರಗತಿಯವರು ಸಂಬಂಧಪಟ್ಟ ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದರು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆಯೆಂದು ಅವರು ಕಲಿಸಿದ್ದರು. ಉತ್ತರ ಬಂತು, ಮಲಯಾಳದಲ್ಲಿ. ಆಗ ಒಬ್ಬ ಹುಡುಗಿ ಎದ್ದು ಕೇಳಿದಳು: “ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಅದರಲ್ಲಿ ಬರೆದಿದೆಯಾ ಸಾರ್?”

ಬರೆದಿಲ್ಲ. ಅರ್ಜಿಯ ಭಾಷೆಯನ್ನು ಹೇಳಿದ ವಿಧಿ ಉತ್ತರದ ಭಾಷೆಯ ಬಗ್ಗೆ ಮೌನವಾಗಿದೆ. ವಕೀಲರೂ ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಸ್ಥಳವದು. ಮುಖ್ಯೋಪಾಧ್ಯಾಯರು “ಗೊತ್ತಿಲ್ಲ, ಹುಡುಕಿ ಹೇಳುತ್ತೇನೆ” ಎಂದರು. ಕೆಲವು ವಾರಗಳ ಅನಂತರ 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯ ಪ್ರತಿಯೊಂದಿಗೆ ತರಗತಿಗೆ ಬಂದರು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳೊಡನೆ ತಮಿಳರೂ ಕನ್ನಡಿಗರೂ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿರಬೇಕು ಎಂದು ಅದರಲ್ಲಿತ್ತು. ಮಕ್ಕಳು ಎರಡನೆಯ ಅರ್ಜಿ ಬರೆದರು. ಈ ಸಲ ಬಂದದ್ದು ಕನ್ನಡ ಉತ್ತರ. ಅದರಲ್ಲಿ ‘ಚರಂಡಿ’ ಎಂಬುದು ‘ಚಂರಡಿ’ ಆಗಿತ್ತು. ಕೆಂಪು ಶಾಯಿಯಿಂದ ತಿದ್ದಿ ಹಿಂದೆ ಕಳುಹಿಸೋಣವೆಂದ ಮಕ್ಕಳಿಗೆ ಅವರು ಒಪ್ಪಲಿಲ್ಲ. “ಅವರೂ ಕಲಿಯುತ್ತಿದ್ದಾರೆ” ಎಂದರು. ಚರಂಡಿಯಾಗಲು ಇನ್ನೂ ಒಂದು ಮಳೆಗಾಲ ಕಳೆಯಬೇಕಾಯಿತು.

ಸನ್ಮಾನಕ್ಕೆ ಉತ್ತರವಾಗಿ ಅವರು ಐದು ನಿಮಿಷವೂ ಮಾತನಾಡಲಿಲ್ಲ. ಮೇಜಿನ ಮೇಲಿದ್ದ ಹಳೆಯ ಕಡತವೊಂದನ್ನು ಶಾಲಾ ಪಾರ್ಲಿಮೆಂಟಿನ ನಾಯಕಿಯ ಕೈಗಿತ್ತರು. ವರ್ಷವರ್ಷದ ಅರ್ಜಿಗಳೂ ಉತ್ತರಗಳೂ ಅದರಲ್ಲಿದ್ದವು. ಕೊನೆಯ ಹಾಳೆ ಆ ವರ್ಷದ್ದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುವ 350ಎ ವಿಧಿಯನ್ನು ಉಲ್ಲೇಖಿಸಿ, ಜೂನಿನಲ್ಲಿ ಶಾಲೆ ತೆರೆಯುವಾಗ ತೆರವಾದ ಹುದ್ದೆಗೆ ಕನ್ನಡ ಬಲ್ಲವರನ್ನೇ ನೇಮಿಸಬೇಕೆಂದು ಮಕ್ಕಳು ಬರೆದದ್ದು. ಅದರ ಬೆನ್ನಿಗೆ ಉತ್ತರದ ಹಾಳೆ ಇನ್ನೂ ಸೇರಿರಲಿಲ್ಲ. ಹುಡುಗಿ ಕಡತವನ್ನು ಎದೆಗವಚಿಕೊಂಡು ವೇದಿಕೆಯಿಂದಿಳಿದು ಮಕ್ಕಳ ಸಾಲಿನಲ್ಲಿ ಹೋಗಿ ಕುಳಿತಳು.