ಒಂದು ಪ್ರಶ್ನೆ ಮಾತ್ರ ಉಳಿಸಿಕೊಳ್ಳಿ

ಕೇಳಿದ್ದನ್ನೇ ಕೇಳುವವರಿಗೆ ಹೇಳಿದ್ದನ್ನೇ ಹೇಳುವ ಕಷ್ಟ ನಮ್ಮಂಥ ಹೆಂಗಸರಿಗೆ ಹೊಸದೇನಲ್ಲ. ಬೆಳಿಗ್ಗೆ ಎದ್ದರೆ “ತಿಂಡಿ ಏನು?”, ಸ್ನಾನಕ್ಕೆ ಹೊರಟರೆ “ನನ್ನ ಟವೆಲ್ ಎಲ್ಲಿ?”, ಮಧ್ಯಾಹ್ನವಾದರೆ “ಇವತ್ತೂ ಬದನೆಕಾಯಿನಾ?”. ಮನೆಯವರು ಕೇಳಿದರೆ ಸರಿ, ಆದರೆ ಒಂದು ಯಂತ್ರವೂ ನನ್ನನ್ನು ಹೀಗೇ ಕೂರಿಸಿಕೊಂಡು ಕೇಳೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮವರು ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾರೆ. ಹೆಸರು ದೊಡ್ಡದು, ಇರುವುದು ಒಂದು ಉದ್ದನೆಯ ಕೋಣೆ, ಎಂಟು ಹಳೆಯ ಕಂಪ್ಯೂಟರುಗಳು, ಗಡಗಡ ಎನ್ನುವ ಒಂದು ಫ್ಯಾನು. ಇವರು ಊಟಕ್ಕೆ ಮನೆಗೆ ಬಂದಾಗ ಅಲ್ಲಿ ಹೋಗಿ ಕೂರುವವಳು ನಾನು. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ ಹಾಗೆ ಕೂತೂ ಕೂತೂ ಕನ್ನಡ ಟೈಪಿಂಗ್ ಕೈಗೆ ಹತ್ತಿತು. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲದ ಲೆಕ್ಕವನ್ನೂ ಅಲ್ಲಿಯ ಒಂದು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದೆ. ಹದಿನಾಲ್ಕು ಜನ ಸದಸ್ಯೆಯರು, ಮೂರು ವರ್ಷದ ಲೆಕ್ಕ.

2025ರ ದಸರೆಗೆ ಮಗ ರಜೆಯಲ್ಲಿ ಊರಿಗೆ ಬಂದ. ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಬಂದವನೇ ಅಪ್ಪನ ಹತ್ತಿರ ಕೂತು, “ಅಪ್ಪಾ, ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಈ ಕಂಪ್ಯೂಟರುಗಳನ್ನ ಏನು ಮಾಡ್ತೀರಿ?” ಅಂದ.

ನನಗೆ ಎದೆ ಧಸಕ್ಕೆಂದಿತು. ಎಂಟೂ ಒಂದೇ ದಿನ ಕೆಟ್ಟುಹೋಗುತ್ತವೇನೋ ಎಂದುಕೊಂಡೆ. ಹಾಗಲ್ಲವಂತೆ. ಕಂಪ್ಯೂಟರು ಎಂದಿನಂತೆ ಓಡುತ್ತದೆ; ಆದರೆ ಕಳ್ಳರು ಒಳಗೆ ನುಗ್ಗುವ ಸಂದುಗಳನ್ನು ಮುಚ್ಚಲು ಮೈಕ್ರೋಸಾಫ್ಟ್‌ನವರು ಎಲ್ಲರಿಗೂ ತಿಂಗಳು ತಿಂಗಳು ಕಳಿಸುತ್ತಿದ್ದ ತಿದ್ದುಪಡಿಗಳ ಸಾಮಾನ್ಯ ವ್ಯವಸ್ಥೆ ಅವತ್ತಿಗೆ ಕೊನೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ಪು ಬೇಕು, ಹೊಸ ತಲೆಮಾರಿನ ಪ್ರೊಸೆಸರು ಬೇಕು. ನಮ್ಮವು ಅದಕ್ಕಿಂತ ಮುದುಕರು. ಎಂಟು ಹೊಸದನ್ನು ಕೊಳ್ಳುವ ಮಾತು ಬಂದಾಗ ಇವರು ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದರು.

ಕೊನೆಗೆ ಮಗನೇ ದಾರಿ ಹೇಳಿದ. ಡೆಬಿಯನ್ ಎಂಬ ಲಿನಕ್ಸ್ ಹಾಕುವುದು. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ, ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ಸೇರಿ ಮಾಡುವಂಥದ್ದು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಹುಡುಗ ಇದನ್ನು ಶುರು ಮಾಡಿದಾಗ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ‘ಡೆಬಿಯನ್’ ಎಂದು ಕರೆದನಂತೆ. “ನೋಡಿ, ಹೆಂಗಸಿನ ಹೆಸರು ಮುಂದೆ ಇಟ್ಟಿದ್ದಾನೆ” ಎಂದು ನಾನು ಇವರ ಕಡೆ ನೋಡಿದೆ. ಇವರು ಪೇಪರು ಅಡ್ಡ ಹಿಡಿದರು.

ಅಕ್ಟೋಬರ್ 1ಕ್ಕೆ ಆಯುಧಪೂಜೆ. ಹಿಂದಿನ ದಿನ ನಾನೇ ಕೋಣೆ ಗುಡಿಸಿ, ಬೆಂಚುಗಳನ್ನೆಲ್ಲ ಎಳೆದು, ಎಂಟು ಡಬ್ಬಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾರನೇ ದಿನ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ ಪೂಜೆ ಮಾಡಿದೆ. ವಿಜಯದಶಮಿ ಕಳೆದ ಮೇಲೆ ಕೆಲಸ ಶುರು.

ಮೊದಲನೆಯದನ್ನು ಕೈಯಾರೆ ಮಾಡಿದೆವು. ಪೆನ್‌ಡ್ರೈವಿನಲ್ಲಿ ಡೆಬಿಯನ್ 13 ತುಂಬಿಸಿ ತಂದಿದ್ದ. 2025ರ ಆಗಸ್ಟ್ 9ಕ್ಕೆ ಬಂದ ಆವೃತ್ತಿ ಅದು. ಕಂಪ್ಯೂಟರಿಗೆ ಚುಚ್ಚಿ ಶುರು ಮಾಡಿದ್ದೇ ತಡ, ಪ್ರಶ್ನೆಗಳ ಸುರಿಮಳೆ. ಯಾವ ಭಾಷೆ? ಯಾವ ದೇಶ? ಕೀಲಿಮಣೆ ಯಾವುದು? ಈ ಯಂತ್ರದ ಹೆಸರೇನು? ಬಳಸುವವರ ಹೆಸರೇನು? ಗುಪ್ತಪದ ಏನು? ಇನ್ನೊಮ್ಮೆ ಹೇಳಿ. ಹಾರ್ಡ್ ಡಿಸ್ಕನ್ನು ಹೇಗೆ ಭಾಗ ಮಾಡಲಿ? ಯಾವ ತಂತ್ರಾಂಶಗಳು ಬೇಕು? ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷ, ಹದಿನೈದು ನಿಮಿಷ ಕಾಯುವುದು. ಎದ್ದು ಹೋಗುವ ಹಾಗಿಲ್ಲ, ಕೂತು ಮಾಡುವ ಕೆಲಸವೂ ಇಲ್ಲ. ಒಲೆಯ ಮೇಲೆ ಹಾಲಿಟ್ಟುಕೊಂಡ ಹಾಗೆ.

ಕಾಯುವ ಬೇಸರಕ್ಕೆ ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದು ಪ್ರಶ್ನೆಯನ್ನೂ, ಅದಕ್ಕೆ ಕೊಟ್ಟ ಉತ್ತರವನ್ನೂ ಬರೆಯುತ್ತಾ ಹೋದೆ. ಎಲ್ಲ ಮುಗಿದಾಗ ಒಂದೂಕಾಲು ಗಂಟೆ. ಇನ್ನೂ ಏಳು ಬಾಕಿ! “ಅಲ್ಲ ಕಣೋ, ಏಳಕ್ಕೂ ಇದೇ ಉತ್ತರ ತಾನೇ? ಈ ಚೀಟಿಯನ್ನೇ ಅದರ ಕೈಗೆ ಕೊಟ್ಟರೆ ಆಗಲ್ವಾ?” ಅಂದೆ, ತಮಾಷೆಗೆ.

ಮಗ ನನ್ನ ಪುಸ್ತಕ ಕಸಿದುಕೊಂಡು ನೋಡಿ ನಕ್ಕುಬಿಟ್ಟ. “ಅಮ್ಮಾ, ಅದಕ್ಕೆ ಅಂತಲೇ ಒಂದು ವ್ಯವಸ್ಥೆ ಇದೆ. ಅದರ ಹೆಸರು ಪ್ರಿಸೀಡ್. ನಾನು ಅದನ್ನ ಶುರುವಿನಿಂದ ಬರೀಬೇಕು ಅಂತಿದ್ದೆ. ನೀನು ಆಗಲೇ ಅರ್ಧ ಬರೆದಿದೀಯ.”

ಪ್ರಿಸೀಡ್ ಎಂದರೆ ಮುಂಚೆಯೇ ಬೀಜ ಹಾಕಿಡುವುದು. ಅದೊಂದು ಸಾದಾ ಬರಹದ ಫೈಲು. ಸಾಲಿಗೆ ಒಂದು ಪ್ರಶ್ನೆ, ಪಕ್ಕದಲ್ಲಿ ಅದರ ಉತ್ತರ. ಪೆನ್‌ಡ್ರೈವಿನಲ್ಲೇ ಅದನ್ನಿಟ್ಟು, ಶುರುವಾಗುವಾಗಲೇ ‘ಉತ್ತರಗಳು ಇಲ್ಲಿವೆ’ ಎಂದು ಯಂತ್ರಕ್ಕೆ ತಿಳಿಸಿದರೆ ಸಾಕು. ಉತ್ತರ ಸಿಕ್ಕ ಪ್ರಶ್ನೆಯನ್ನು ಅದು ನಮ್ಮನ್ನು ಕೇಳುವುದಿಲ್ಲ. ಉತ್ತರ ಸಿಗದ ಮುಖ್ಯ ಪ್ರಶ್ನೆಗೆ ಮಾತ್ರ ನಿಂತು ಕಾಯುತ್ತದೆ. ಈ ಉಪಾಯ ಡೆಬಿಯನ್ನಿಗಷ್ಟೇ ಅಲ್ಲ. ವಿಂಡೋಸಿಗೂ ಉತ್ತರಗಳ ಫೈಲು ಬರೆಯಬಹುದು. ರೆಡ್ ಹ್ಯಾಟಿನವರದ್ದು ಕಿಕ್‌ಸ್ಟಾರ್ಟ್, ಉಬುಂಟುವಿನವರದ್ದು ಆಟೋಇನ್‌ಸ್ಟಾಲ್. ದೊಡ್ಡ ಆಫೀಸುಗಳಲ್ಲಿ ನೂರಾರು ಕಂಪ್ಯೂಟರುಗಳನ್ನು ಸಿದ್ಧಮಾಡುವುದು ಹೀಗೆಯೇ. ಮದುವೆಯ ಅಡಿಗೆಭಟ್ಟರಿಗೆ ಪಟ್ಟಿ ಬರೆದು ಕೊಟ್ಟುಬಿಟ್ಟರೆ ಅವರು ಗಳಿಗೆಗೊಮ್ಮೆ ಬಂದು “ಕೋಸಂಬರಿ ಎಷ್ಟು ಜನಕ್ಕೆ?” ಎಂದು ಕೇಳುವುದಿಲ್ಲವಲ್ಲ, ಹಾಗೆ.

ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಪಟ್ಟಿ ಮಾಡಿದೆವು. ಕಾಲ ‘ಏಷ್ಯಾ, ಕೊಲ್ಕತ್ತಾ’ — ನಾವು ಕರ್ನಾಟಕದಲ್ಲಿದ್ದರೂ ಕಂಪ್ಯೂಟರಿನ ಗಡಿಯಾರಕ್ಕೆ ಇಡೀ ಭಾರತ ಕೊಲ್ಕತ್ತಾ ಹೆಸರಿನಲ್ಲೇ. ಪರದೆಗೆ ಹಗುರವಾದ ಎಕ್ಸ್‌ಎಫ್‌ಸಿಇ. ಪತ್ರ, ಲೆಕ್ಕಗಳಿಗೆ ಲಿಬ್ರೆ ಆಫೀಸ್. ಅದರ ಜೊತೆಗೆ ನಮ್ಮ ರುಚಿಗೆ ಬೇಕಾದ್ದು: ಗುಬ್ಬಿ, ನವಿಲು ಎಂಬ ಚಂದದ ಕನ್ನಡ ಅಕ್ಷರಗಳು, ನಮ್ಮ ಹುಡುಗಿಯರಿಗೆ ಅಭ್ಯಾಸವಿರುವ ನುಡಿಯ ಕೀಲಿಮಣೆ. ಇವನ್ನೆಲ್ಲ ಒಂದು ಸಾಲಿನಲ್ಲಿ ಹೆಸರಿಸಿದರೆ ತಾನೇ ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಗುಪ್ತಪದವನ್ನು ಮಾತ್ರ ಇದ್ದ ಹಾಗೇ ಬರೆಯಬಾರದು ಎಂದ ಮಗ. ಪೆನ್‌ಡ್ರೈವ್ ಯಾರ ಕೈಗೆ ಸಿಕ್ಕರೂ ಓದಿಬಿಡುತ್ತಾರೆ. ಬೀಗ ಹಾಕಿ ಕೀಲಿಯನ್ನು ಹೊಸಿಲ ಮೇಲೆ ಇಟ್ಟ ಹಾಗೆ. ಅದನ್ನು ಗುರುತು ಸಿಗದಂತೆ ಬದಲಿಸಿ ಬರೆಯುವ ಕ್ರಮವಿದೆ, ಹಾಗೇ ಮಾಡಿದ.

ಹಾರ್ಡ್ ಡಿಸ್ಕಿನ ಪ್ರಶ್ನೆ ಬಂತು. ‘ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ?’ ಎಂಬುದು. ಅದಕ್ಕೆ ಹೌದು ಎಂದರೆ ಹಳೆಯದೆಲ್ಲ ಅಳಿಸಿದಂತೆ. ಕೈಯಾರೆ ಮಾಡುವಾಗ ಅಲ್ಲಿ ‘ಬೇಡ’ ಎಂಬುದೇ ಮೊದಲೇ ಗುರುತಾಗಿರುತ್ತದೆ. ನಾವೇ ಮನಸ್ಸು ಮಾಡಿ ‘ಹೌದು’ ಒತ್ತಬೇಕು. ನಮ್ಮ ಪಟ್ಟಿಯಲ್ಲಿ ಅದಕ್ಕೂ ‘ಹೌದು’ ಎಂದೇ ಬರೆದೆವು. “ಸಂಘದ ಲೆಕ್ಕ ಇರೋ ಕಂಪ್ಯೂಟರು ಕಡೇಗೆ. ಅದನ್ನ ಕಾಪಿ ಮಾಡ್ಕೊಂಡು ಆಮೇಲೆ ಮಾಡೋಣ” ಎಂದು ಮಗ ಎರಡು ಸಲ ಹೇಳಿದ. ನಾನು ಹೂಂ ಅಂದೆ.

ಮಾರನೇ ದಿನ ಎರಡು ಕಂಪ್ಯೂಟರು ಪವಾಡದ ಹಾಗೆ ಆದವು. ಚುಚ್ಚುವುದು, ಶುರು ಮಾಡುವುದು, ಮನೆಗೆ ಬಂದು ಹುಳಿಗೆ ಇಡುವುದು. ಹೋಗಿ ನೋಡಿದರೆ ಕೆಲಸ ಮುಗಿದಿರುತ್ತಿತ್ತು. ನನಗೆ ಜಂಬ ಬಂದುಬಿಟ್ಟಿತು. ಮಗ ಕಾಫಿಗೆಂದು ಹೋಗಿದ್ದಾಗ ಪೆನ್‌ಡ್ರೈವನ್ನು ನಾನೇ ಪಕ್ಕದ ಡಬ್ಬಕ್ಕೆ ಚುಚ್ಚಿದೆ. ಅದು ಒಂದು ಮಾತೂ ಕೇಳಲಿಲ್ಲ. ಮಗ ಬಂದು ನೋಡಿ, “ಅಮ್ಮಾ, ಇದರ ಮೇಲೆ ಚೀಟಿ ಅಂಟಿಸಿತ್ತಲ್ಲ, ಎಲ್ಲಿ?” ಅಂದ.

ಚೀಟಿ! ‘ಸಂಘದ ಲೆಕ್ಕ’ ಎಂದು ನಾನೇ ಬರೆದು ಅಂಟಿಸಿದ್ದ ಚೀಟಿ. ಆಯುಧಪೂಜೆಯ ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೆಗೆದವಳೂ ನಾನೇ. ಬೆಂಚು ಎಳೆದಾಡಿದಾಗ ಡಬ್ಬಗಳ ಜಾಗವೂ ಅದಲುಬದಲಾಗಿತ್ತು. ಎಂಟೂ ಕಪ್ಪು ಡಬ್ಬ, ಎಂಟಕ್ಕೂ ಒಂದೇ ಕುಂಕುಮ.

ಮಗ ತಕ್ಷಣ ವಿದ್ಯುತ್ ತೆಗೆದ. ಹೊಸದಾಗಿ ಬರೆದಷ್ಟೂ ಹಳೆಯದು ಹಾಳಾಗುತ್ತದಂತೆ. ಇಂಥ ಹೊತ್ತಿನಲ್ಲಿ ಆ ಡಿಸ್ಕನ್ನು ಮುಟ್ಟದೇ ಬಿಡಬೇಕು. ಎರಡು ರಾತ್ರಿ ನಿದ್ದೆಗೆಟ್ಟು ಫೋಟೋರೆಕ್ ಎಂಬ ತಂತ್ರಾಂಶದಿಂದ ಹುಡುಕಿದ. ಹೆಸರಿಲ್ಲದ ಒಂದಿಷ್ಟು ಫೋಟೋಗಳು ಸಿಕ್ಕವು. ಲೆಕ್ಕ ಸಿಗಲಿಲ್ಲ. ಇವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಾಗಿತ್ತು.

ಹದಿನಾಲ್ಕು ಮನೆಗೂ ಹೋಗಿ ನಾನೇ ಹೇಳಿ ಬಂದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಒಬ್ಬಾಕೆ, “ನಮ್ಮ ದುಡ್ಡು ಹೋಯ್ತಾ ಹಂಗಾದ್ರೆ?” ಎಂದು ಬಾಗಿಲಲ್ಲೇ ಅತ್ತಳು. ದುಡ್ಡು ಬ್ಯಾಂಕಿನಲ್ಲಿದೆ, ಯಾರದು ಎಷ್ಟು ಎಂಬುದು ಮಾತ್ರ ಹೋಗಿದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೂ ಗಂಟಲು ಕಟ್ಟಿತು.

ಭಾನುವಾರ ಎಲ್ಲರೂ ತಂತಮ್ಮ ಪಾಸ್‌ಪುಸ್ತಕ ತಂದರು. ಎರಡು ಮಧ್ಯಾಹ್ನ ಕೂತು, ಬ್ಯಾಂಕಿನ ಪುಸ್ತಕದೊಂದಿಗೆ ತಾಳೆ ನೋಡುತ್ತಾ, ತಿಂಗಳು ತಿಂಗಳಾಗಿ ಬರೆದೆವು. ಹಿರಿಯ ಅಕ್ಕ ಒಬ್ಬರ ಪಾಸ್‌ಪುಸ್ತಕ ಕಳೆದುಹೋಗಿತ್ತು. ಅವರ ಸಾಲ ಎಷ್ಟು ಉಳಿದಿದೆ ಎಂಬುದಕ್ಕೆ ನನ್ನ ಲೆಕ್ಕವೊಂದೇ ಸಾಕ್ಷಿಯಾಗಿತ್ತು. ಅವರಾಗಿಯೇ, “ಬರಕೊಳ್ಳವ್ವ, ಇನ್ನೂ ಮೂರು ಸಾವಿರದ ನಾನೂರು ಕೊಡ್ಬೇಕು ನಾನು” ಅಂದರು. ಕಡಿಮೆ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೂ 350 ರೂಪಾಯಿ ತಾಳೆಯಾಗಲಿಲ್ಲ. ಅದನ್ನು ನನ್ನ ಮನೆಖರ್ಚಿನ ಡಬ್ಬಿಯಿಂದ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ. ಅದೂ ಸರಿಯೇ.

ಉಳಿದ ಕಂಪ್ಯೂಟರುಗಳನ್ನೂ ಅದೇ ಪಟ್ಟಿಯಿಂದ ಮಾಡಿದೆವು. ಹೆದರಿ ಬಿಡಲಿಲ್ಲ. ಆದರೆ ಡಿಸ್ಕ್ ಅಳಿಸುವ ಆ ‘ಹೌದು’ ಇದ್ದ ಸಾಲುಗಳನ್ನು ಮಗನ ಕೈಯಲ್ಲಿ ತೆಗೆಸಿದೆ. ಈಗ ಯಂತ್ರ ಭಾಷೆ, ಕಾಲ, ಹೆಸರು ಏನನ್ನೂ ಕೇಳುವುದಿಲ್ಲ. ಅಲ್ಲಿಗೆ ಬಂದಾಗ ಮಾತ್ರ ನಿಲ್ಲುತ್ತದೆ, ಯಾವ ಡಿಸ್ಕಿಗೆ ಏನು ಮಾಡಲಿದ್ದೇನೆ ಎಂದು ತೋರಿಸಿ ‘ಬರೆಯಲೇ?’ ಎಂದು ಕೇಳುತ್ತದೆ. ನಾನು ಕೈ ಒರೆಸಿಕೊಂಡು ಹೋಗಿ, ಡಬ್ಬದ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿರುವ ಸಂಖ್ಯೆ ನೋಡಿ, ಆಮೇಲೆ ‘ಹೌದು’ ಒತ್ತುತ್ತೇನೆ. ಒಂದು ನಿಮಿಷದ ಕೆಲಸ. ಸಂಘದ ಲೆಕ್ಕ ಈಗ ಕಂಪ್ಯೂಟರಿನಲ್ಲೊಂದು, ಬೇರೆ ಪೆನ್‌ಡ್ರೈವಿನಲ್ಲೊಂದು, ಕೈಬರಹದ ಪುಸ್ತಕದಲ್ಲೊಂದು ಇದೆ.

ನಿಮ್ಮ ಮನೆಯ ಕಂಪ್ಯೂಟರನ್ನು ಅಂಗಡಿಗೆ ಕೊಟ್ಟಾಗ ಅವರು “ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಅಕ್ಕಾ” ಎಂದರೆ ಸುಮ್ಮನೆ ತಲೆಯಾಡಿಸಬೇಡಿ. ಫಾರ್ಮ್ಯಾಟ್ ಎಂದರೆ ಇದ್ದದ್ದು ಹೋಗುತ್ತದೆ ಎಂದೇ ತಿಳಿಯಿರಿ. ಮಕ್ಕಳ ಫೋಟೋ, ಮನೆಯ ಪತ್ರ, ಲೆಕ್ಕ ಎಲ್ಲವನ್ನೂ ಮೊದಲು ಬೇರೆ ಕಡೆ ಇಳಿಸಿಕೊಡಿ ಎಂದು ಹೇಳಿ. ಇಳಿಸಿದ್ದನ್ನು ಒಮ್ಮೆ ತೆರೆಸಿ ಕಣ್ಣಾರೆ ನೋಡಿ.

ನಾನು ಹೊಸದಾಗಿ ಮದುವೆಯಾಗಿ ಬಂದಾಗ ನಮ್ಮತ್ತೆ ಒಂದು ಮಾತು ಹೇಳುತ್ತಿದ್ದರು: “ಪಾತ್ರೆ ತೊಳೆಯೋಕೆ ಹಾಕೋ ಮುಂಚೆ ಮುಚ್ಚಳ ತೆಗೆದು ನೋಡು.” ಹಬ್ಬದ ದಿನ ಗಡಿಬಿಡಿಯಲ್ಲಿ ನಾನು ಕಾಲು ಪಾತ್ರೆ ತುಪ್ಪಕ್ಕೆ ನೀರು ಹುಯ್ದ ಮೇಲೆ ಬಂದ ಮಾತು ಅದು. ಇಪ್ಪತ್ತು ವರ್ಷ ನೆನಪಿಟ್ಟುಕೊಂಡಿದ್ದೆ. ಅಡಿಗೆಮನೆಯ ಹೊಸಿಲು ದಾಟಿದ ಮೇಲೂ ಅದು ಬೇಕಾಗುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ.