ಎದುರು ಕುಳಿತು ನೋಡುವವರು

ಮಗಳು ಪದವಿ ಓದಲು ಪುಣೆಗೆ ಹೋದ ವರ್ಷ ಮುಲುಂಡಿನ ನಮ್ಮ ಮನೆಯಲ್ಲಿ ಉಳಿದದ್ದು ನಾವಿಬ್ಬರು ಮತ್ತು ಅವಳ ಗಿಟಾರು. ಎಂಟನೆಯ ತರಗತಿಯಲ್ಲಿ ಹಟ ಹಿಡಿದು ಕೊಡಿಸಿಕೊಂಡು, ಹತ್ತನೆಯ ತರಗತಿಯ ಹೊತ್ತಿಗೆ ಅವಳು ಮರೆತೇಬಿಟ್ಟಿದ್ದ ವಾದ್ಯ ಅದು. ಕಪಾಟಿನ ಮೇಲೆ ಧೂಳು ಹಿಡಿದು ಕುಳಿತಿತ್ತು. ಒಂದು ಭಾನುವಾರ ಒರೆಸಲೆಂದು ಕೆಳಗಿಳಿಸಿದೆವು, ಮತ್ತೆ ಮೇಲಿಡಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಂಧಗಾಳಿಯಿಲ್ಲದ, ನಲವತ್ತು ದಾಟಿದ ನಾವು ಕ್ಲಾಸಿಕಲ್ ಗಿಟಾರ್ ಕಲಿಯಲು ಹೊರಟದ್ದು ಹೀಗೆ.

ಗುರುವನ್ನು ಹುಡುಕಲಿಲ್ಲ. ಇಬ್ಬರೂ ಕಚೇರಿಯಿಂದ ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ಮಗಳ ಶುಲ್ಕ, ಹಾಸ್ಟೆಲಿನ ಖರ್ಚು ಬೇರೆ. ಮೊಬೈಲಿನಲ್ಲಿ ಪಾಠಗಳು ಪುಕ್ಕಟೆಯಾಗಿ ಸಿಗುತ್ತಿರುವಾಗ ಹಣ ತೆರುವುದೇಕೆ ಎಂಬ ಲೆಕ್ಕಾಚಾರವೂ ಇತ್ತೆಂದು ಒಪ್ಪಿಕೊಳ್ಳಬೇಕು. ಸಿಗುವುದೇನು ಕಡಿಮೆಯೇ? 2006ರಲ್ಲಿ ಆರಂಭವಾದ ಐಎಂಎಸ್‌ಎಲ್‌ಪಿ ಎಂಬ ಅಂತರ್ಜಾಲದ ಸ್ವರಲಿಪಿ ಭಂಡಾರದಲ್ಲಿ ಫರ್ನಾಂಡೊ ಸೋರ್, ಮೌರೊ ಜೂಲಿಯಾನಿ, ಮತ್ತೆಯೊ ಕಾರ್ಕಸ್ಸಿ ಮೊದಲಾದ ಹಳೆಯ ಗಿಟಾರ್ ಆಚಾರ್ಯರ ಕೃತಿಗಳು ಯಾರ ಅಪ್ಪಣೆಯೂ ಇಲ್ಲದೆ ದೊರೆಯುತ್ತವೆ. ಸೋರ್ ತೀರಿಕೊಂಡದ್ದು 1839ರಲ್ಲಿ, ಕಾರ್ಕಸ್ಸಿ 1853ರಲ್ಲಿ. ನಮ್ಮ ದೇಶದ ಕಾನೂನು ಕೃತಿಕಾರರ ಮರಣದ ನಂತರ ಹಕ್ಕುಸ್ವಾಮ್ಯ ಕೊಡುವುದು 60 ವರ್ಷ ಮಾತ್ರ. ಬಲಗೈಗೆಂದೇ ಜೂಲಿಯಾನಿ ಬರೆದಿಟ್ಟ 120 ಅಭ್ಯಾಸಗಳನ್ನು ಅಚ್ಚು ಹಾಕಿಸಿ, ಪಂಚಾಂಗದ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದೆವು.

ಹಣ ಕೊಟ್ಟು ಕೊಂಡದ್ದು ತಂತಿಗಳನ್ನು ಮಾತ್ರ. ಧೋಬಿ ತಲಾವಿನಲ್ಲಿ, 1865ರಿಂದ ನಡೆದುಬಂದಿರುವ ಫುರ್ತಾಡೋಸ್ ಅಂಗಡಿಗೆ ಸಿಎಸ್‌ಎಂಟಿಯಿಂದ ನಡೆದೇ ಹೋದೆವು. ಹಿಂದೆ ಈ ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದರಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿಗೆ ಅಭಾವ ಬಂದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನಿನ ದಾರಿ ಹಿಡಿದರು. ಹೊಸ ನೈಲಾನ್ ತಂತಿ ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ. ಅದರ ಮೇಲೆ ಮುಂಬಯಿಯ ಮಳೆಗಾಲದ ತೇವ. ನುಡಿಸುವುದಕ್ಕಿಂತ ಶ್ರುತಿ ಮಾಡುವುದರಲ್ಲೇ ಮೊದಲ ತಿಂಗಳು ಕಳೆಯಿತು.

ಈ ವಾದ್ಯಕ್ಕೆ ಕೂರುವ ಭಂಗಿಯೇ ಬೇರೆ. ಎಡಗಾಲನ್ನು ತುಸು ಎತ್ತರದಲ್ಲಿ ಊರಿ, ಗಿಟಾರನ್ನು ಎಡತೊಡೆಯ ಮೇಲೆ ಇರಿಸಿಕೊಳ್ಳಬೇಕು. ಕಾಲ್ಪೀಠ ಕೊಳ್ಳಲಿಲ್ಲ; ಊರಿನಿಂದ ತಂದ ಎರಡು ಊಟದ ಮಣೆಗಳನ್ನು ಒಂದರ ಮೇಲೊಂದಿಟ್ಟೆವು. ಬಲಗೈಯ ಬೆರಳುಗಳಿಗೆ ಸ್ಪ್ಯಾನಿಷ್ ಹೆಸರುಗಳ ಮೊದಲಕ್ಷರಗಳು: ಹೆಬ್ಬೆರಳಿಗೆ ಪಿ, ತೋರುಬೆರಳಿಗೆ ಐ, ನಡುಬೆರಳಿಗೆ ಎಂ, ಉಂಗುರಬೆರಳಿಗೆ ಎ. ಲೋಕಲಿನಲ್ಲಿ ಸೀಟು ಸಿಕ್ಕ ದಿನ ತೊಡೆಯ ಮೇಲಿನ ಚೀಲದ ಮೇಲೇ ಪಿ-ಐ-ಎಂ-ಎ ಸಾಗುತ್ತಿತ್ತು. ರಾತ್ರಿ ಪಕ್ಕದ ಮನೆಯವರ ನಿದ್ದೆ ಕೆಡದಂತೆ ತಂತಿಗಳ ಕೆಳಗೆ, ಸೇತುವೆಯ ಹತ್ತಿರ, ಕರವಸ್ತ್ರ ಮಡಿಸಿ ತುರುಕುತ್ತಿದ್ದೆವು.

ಹತ್ತು ತಿಂಗಳಲ್ಲಿ ಕಾರ್ಕಸ್ಸಿಯ ಕೆಲವು ಸಣ್ಣ ರಚನೆಗಳು ಕೈಗೆ ಬಂದವು. ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂಬ ಗಾದೆಯಿದೆಯಷ್ಟೆ. ನಮ್ಮ ಮನೆಗೆ ಎರಡೂ ಒಟ್ಟಿಗೇ ಬಂದವು.

ನಮ್ಮಿಬ್ಬರಲ್ಲಿ ಒಬ್ಬರ ಎಡಗೈಯ ಮಣಿಕಟ್ಟು ನುಡಿಸುವಾಗ ಒಳಕ್ಕೆ ಬಾಗುತ್ತಿತ್ತು. ಗಿಟಾರಿನ ಕತ್ತಿನ ಹಿಂದೆ ಹಗುರಾಗಿ ತಾಗಿರಬೇಕಾದ ಹೆಬ್ಬೆರಳು ಅದನ್ನು ಹಿಸುಕುತ್ತಿತ್ತು. ಇನ್ನೊಬ್ಬರು ಅದನ್ನು ಎತ್ತಿ ಹೇಳಿದರು. “ವಿಡಿಯೋದಲ್ಲಿ ಹೀಗೇ ಇದೆ” ಎಂಬ ಉತ್ತರ ಬಂತು. ಮತ್ತೊಮ್ಮೆ ಹೇಳಿದಾಗ, ಸೆಗೋವಿಯಾ ಕೂಡ ತನಗೆ ತಾನೇ ಗುರು, ತಾನೇ ಶಿಷ್ಯ ಎನ್ನುತ್ತಿದ್ದರೆಂಬ ಮಾತು ಮುಂದೆ ಬಂತು. ಮೂರನೆಯ ಸಲ ಸಿಟ್ಟು. ಆ ಸಿಟ್ಟು ಗಿಟಾರಿನಲ್ಲಿ ನಿಲ್ಲದೆ, ಇಪ್ಪತ್ತು ವರ್ಷಗಳಲ್ಲಿ ಯಾರು ಯಾರ ಯಾವ ಕೆಲಸದಲ್ಲಿ ತಪ್ಪು ಹುಡುಕಿದ್ದರು ಎಂಬಲ್ಲಿಗೆ ಮುಟ್ಟಿತು. ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ತಪ್ಪು ಹೇಳಿದವರು ಯಾರು, ಸಿಟ್ಟಾದವರು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಜಗಳ ಮತ್ತೆ ಮೊದಲಾದೀತು.

ಕೆಲವೇ ವಾರಗಳಲ್ಲಿ ಆ ಕೈ ಚಹಾದ ಲೋಟ ಎತ್ತಲೂ ನೋಯತೊಡಗಿತು. ವೈದ್ಯರು ಸ್ನಾಯುರಜ್ಜು ಊದಿಕೊಂಡಿದೆ ಎಂದು ಆರು ವಾರ ವಾದ್ಯ ಮುಟ್ಟದಂತೆ ಹೇಳಿದರು. ತಪ್ಪನ್ನು ಮೊದಲೇ ಕಂಡವರು “ಹೇಳಿರಲಿಲ್ಲವೇ” ಎನ್ನಲಿಲ್ಲ. ಎನ್ನದೆ ಉಳಿದದ್ದೇ ಹೆಚ್ಚು ಚುಚ್ಚಿತು.

ಆ ಆರು ವಾರ ಒಬ್ಬರು ನುಡಿಸಿದರು, ಇನ್ನೊಬ್ಬರು ಎದುರು ಕುಳಿತು ನೋಡಿದರು. ಬೇರೆ ಕೆಲಸವಿಲ್ಲದ್ದರಿಂದಲೇ ಆ ನೋಟ ಕಲಿತಿತು. ಬೆರಳು ತಂತಿಯನ್ನು ಒತ್ತಬೇಕಾದದ್ದು ಫ್ರೆಟ್ಟಿನ ಪಕ್ಕದಲ್ಲೇ, ಅಲ್ಲಿ ಕಡಿಮೆ ಬಲ ಸಾಕು. ಹಿಂದೆ ಸರಿದಷ್ಟೂ ಹೆಚ್ಚು ಒತ್ತಬೇಕು. ಕಷ್ಟದ ಜಾಗ ಬರುವ ಮುನ್ನವೇ ಭುಜ ಮೇಲೇರುತ್ತದೆ, ಉಸಿರು ಕಟ್ಟುತ್ತದೆ. ಇದಾವುದೂ ನುಡಿಸುವವರಿಗೆ ತಿಳಿಯುವುದಿಲ್ಲ. ಹೇಳಿದರೆ ನಂಬುವುದೂ ಕಷ್ಟ. ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದಾಗ ಇಬ್ಬರೂ ತಣ್ಣಗಾದೆವು. ತಪ್ಪು ಒಬ್ಬರದಷ್ಟೇ ಆಗಿರಲಿಲ್ಲ. ಬಾಗಿದ ಮಣಿಕಟ್ಟನ್ನು ಮೊದಲೇ ಕಂಡವರ ಭುಜವೂ ಕಿವಿಯ ಹತ್ತಿರಕ್ಕೇ ಏರಿತ್ತು.

ಮಲ್ಲಿಕಾರ್ಜುನ ಮನ್ಸೂರರು ಇದೇ ಮುಂಬಯಿಯಲ್ಲಿ ಮಂಜೀಖಾನರ ಎದುರು ಕುಳಿತು ತಾಲೀಮು ಪಡೆದರೆಂದು ಓದಿದಾಗಲೆಲ್ಲ, ಗುರು ಶಿಷ್ಯನಿಗೆ ಏನು ಕೊಟ್ಟಿರಬಹುದೆಂದೇ ನಾವು ಯೋಚಿಸುತ್ತಿದ್ದೆವು. ಗುರು ಶಿಷ್ಯನನ್ನು ನೋಡುತ್ತಾನೆ, ಕೇಳುತ್ತಾನೆ ಎಂಬುದು ನಮ್ಮ ಗಮನಕ್ಕೆ ಬಂದಿರಲಿಲ್ಲ. ಪುಕ್ಕಟೆ ಪಾಠ ಹೇಳುವ ಆ ದೂರದ ಗುರುಗಳು ತಿಳಿದದ್ದನ್ನೆಲ್ಲ ಉದಾರವಾಗಿ ಕೊಟ್ಟಿದ್ದಾರೆ, ಅವರ ಋಣ ದೊಡ್ಡದು. ಆದರೆ ಅವರಿಗೆ ನಮ್ಮ ಮಣಿಕಟ್ಟು ಕಾಣದು. ಆ ಕೆಲಸಕ್ಕೆ ಮನೆಯಲ್ಲೇ ಒಬ್ಬರು ಇದ್ದರು, ಅವರ ಮಾತನ್ನು ಕೇಳುವ ಅಭ್ಯಾಸ ನಮಗಿರಲಿಲ್ಲ.

ಈಗ ನಿಯಮವೊಂದಿದೆ. ರಾತ್ರಿ ಅರ್ಧ ಗಂಟೆ ಒಬ್ಬರು ನುಡಿಸಬೇಕು, ಇನ್ನೊಬ್ಬರು ನೋಡಬೇಕು. ನುಡಿಸಿ ಮುಗಿಯುವವರೆಗೆ ನೋಡುವವರು ಮಾತಾಡುವಂತಿಲ್ಲ. ಮುಗಿದ ಮೇಲೆ ನುಡಿಸಿದವರು ಕೂಡಲೇ ಉತ್ತರ ಕೊಡುವಂತಿಲ್ಲ. ತಿಂಗಳ ಖರ್ಚಿನ ಲೆಕ್ಕ ಮಾಡುವಾಗಲೂ ಈ ನಿಯಮವನ್ನು ಒಂದೆರಡು ಸಲ ಪ್ರಯೋಗಿಸಿದ್ದೇವೆ. ಅಲ್ಲಿ ಅದು ಗಿಟಾರಿನಷ್ಟು ಸಲೀಸಲ್ಲ.

ಸದ್ಯ ತರ್ರೆಗಾನ ‘ಲಾಗ್ರಿಮಾ’ ಕಲಿಯುತ್ತಿದ್ದೇವೆ. ಹೆಸರಿನ ಅರ್ಥ ಕಣ್ಣೀರು. ಎರಡು ಭಾಗಗಳ ಪುಟ್ಟ ರಚನೆ. ಮೊದಲನೆಯದು ಮೇಜರ್, ಎರಡನೆಯದು ಮೈನರ್. ಮೊದಲನೆಯದು ಹೇಗೋ ದಾಟಿದೆ. ನಿನ್ನೆ ರಾತ್ರಿ ಎರಡನೆಯ ಭಾಗದಲ್ಲಿ ಮಣಿಕಟ್ಟು ಮತ್ತೆ ಬಾಗಿತು. ಎದುರಿಗಿದ್ದವರು ಕೊನೆಯ ಸ್ವರ ಅಡಗುವವರೆಗೆ ಕಾದು, ತಮ್ಮ ಕೈಯನ್ನು ನೇರ ಮಾಡಿ ತೋರಿಸಿದರು. ನುಡಿಸಿದವರು ಮಣೆಯ ಮೇಲೆ ಕಾಲನ್ನು ಸರಿಯಾಗಿ ಊರಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದರು.